ಎಸ್‌ಎಸ್ ಬ್ಯಾಡ್ಜ್ ನೋಡಿ ದುಡ್ಡು ಕಳಿಸಬೇಡಿ

ಅಮೆರಿಕದಲ್ಲಿದ್ದು 1970ರ ಶೆವರ್ಲೆ ಶೆವೆಲ್ ಎಸ್‌ಎಸ್ (ಸೂಪರ್ ಸ್ಪೋರ್ಟ್, ಶೆವೆಲ್ ಕಾರಿನ ದೊಡ್ಡ ಎಂಜಿನ್ನಿನ ರೂಪ) ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕಳಿಸೋ ಮುಂಚೆ ಇದನ್ನು ಓದಿ.

ಮಿಶಿಗನ್‌ನಲ್ಲಿರುವ ನಮ್ಮ ಭಾವ ಹೀಗೇ ಮೋಸ ಹೋದರು. ಬೇರೆ ರಾಜ್ಯದ ಡೀಲರ್ ಒಬ್ಬ "ಒರಿಜಿನಲ್ ಎಸ್‌ಎಸ್ 396, ನಂಬರ್ಸ್ ಮ್ಯಾಚಿಂಗ್" ಅಂತ ಜಾಹೀರಾತು ಹಾಕಿದ್ದ. 396 ಅಂದರೆ ಕ್ಯೂಬಿಕ್ ಇಂಚಿನಲ್ಲಿ ಎಂಜಿನ್ ಗಾತ್ರ. ನಂಬರ್ಸ್ ಮ್ಯಾಚಿಂಗ್ ಅಂದರೆ ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಈಗಲೂ ಇದೆ, ಅದರ ನಂಬರ್ ಕಾರಿನ ನಂಬರಿಗೆ ಹೊಂದುತ್ತೆ ಅಂತ. ಕೆಂಪು ಬಣ್ಣ, ಬಾನೆಟ್ ಮೇಲೆ ಕಪ್ಪು ಪಟ್ಟೆ. ಭಾವ ಫೋಟೋ ನೋಡಿಯೇ ಒಪ್ಪಿಬಿಟ್ಟರು. ಪೂರ್ತಿ ದುಡ್ಡು ಕೊಟ್ಟು ಟ್ರಕ್‌ನಲ್ಲಿ ತರಿಸಿದರು. ಬಂದದ್ದು ಎಸ್‌ಎಸ್ ವೇಷ ಹಾಕಿದ ಸಾಧಾರಣ ಮಾಲಿಬು, ಅಂದರೆ ಶೆವೆಲ್‌ನ ಮಾಮೂಲಿ ಮಾಡೆಲ್.

"ಚಾಸಿಸ್ ನಂಬರ್ 13637 ಅಂತ ಶುರುವಾಗುತ್ತೆ, ನೀವೇ ನೋಡ್ಕೊಳ್ಳಿ" ಅಂತ ಡೀಲರ್ ಧೈರ್ಯವಾಗಿ ಹೇಳಿದ್ದ. ಸುಳ್ಳೇನಲ್ಲ. ಆದರೆ 136 ಅಂದರೆ ವಿ8 ಎಂಜಿನ್ನಿನ ಮಾಲಿಬು, 37 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, ಅಷ್ಟೇ. ಸಣ್ಣ 307 ಎಂಜಿನ್ನಿನ ಕಾರಿಗೂ ಇದೇ ನಂಬರ್. ಆ ವರ್ಷ ಎಸ್‌ಎಸ್ ಅನ್ನುವುದು ಬೇರೆ ಮಾಡೆಲ್ ಅಲ್ಲ, ಮಾಲಿಬು ಮೇಲೆ ಜಾಸ್ತಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್. 396ಕ್ಕೆ ಝಡ್25, 454ಕ್ಕೆ ಝಡ್15. (ಆ ವರ್ಷದ 396 ನಿಜಕ್ಕೂ 402 ಕ್ಯೂಬಿಕ್ ಇಂಚು. ಕಂಪನಿಯೇ ಬ್ಯಾಡ್ಜ್ ವಿಷಯದಲ್ಲಿ ಅಷ್ಟು ಧಾರಾಳ!) ಈ ಆಪ್ಷನ್ ಕೋಡ್ ಚಾಸಿಸ್ ನಂಬರಿನಲ್ಲೂ ಇರಲ್ಲ, ಬಾನೆಟ್ ಕೆಳಗಿನ ತಗಡಿನ ಟ್ಯಾಗ್‌ನಲ್ಲೂ ಇರಲ್ಲ. ಗ್ರಿಲ್, ಉಬ್ಬು ಬಾನೆಟ್, ಗುಂಡು ಮೀಟರಿನ ಡ್ಯಾಶ್‌ಬೋರ್ಡ್ ಎಲ್ಲವೂ ಹೊಸದಾಗಿಯೇ ಅಂಗಡಿಯಲ್ಲಿ ಸಿಗುತ್ತವೆ. ಎಸ್‌ಎಸ್ ಜೊತೆ ಬರುತ್ತಿದ್ದ ಹಿಂದಿನ 12 ಬೋಲ್ಟ್ ಆಕ್ಸಲ್ ಕೂಡ ಇನ್ನೊಂದು ಕಾರಿನಿಂದ ಬಿಚ್ಚಿ ತಂದು ಹಾಕಬಹುದು.

ಎಂಜಿನ್ ನೋಡಿದಾಗಲೇ ಬಣ್ಣ ಬಯಲಾದದ್ದು. ಪ್ಯಾಸೆಂಜರ್ ಕಡೆ, ಸಿಲಿಂಡರ್ ಹೆಡ್‌ನ ಮುಂದೆ, ಬ್ಲಾಕ್ ಮೇಲೆ ಒಂದು ಚಪ್ಪಟೆ ಜಾಗ ಇದೆ. ಈ ದೊಡ್ಡ ಎಂಜಿನ್ ತಯಾರಾದ ಟಾನವಾಂಡಾ ಕಾರ್ಖಾನೆಯ 'ಟಿ', ಜೋಡಿಸಿದ ತಿಂಗಳು, ದಿನ, ಎಂಜಿನ್ ಕೋಡ್ ಅಲ್ಲೇ ಒತ್ತಿರುತ್ತಾರೆ. ಚಾಸಿಸ್ ನಂಬರಿನ ಕೊನೆಯ ಅಂಕಿಗಳೂ ಸಾಮಾನ್ಯವಾಗಿ ಅಲ್ಲೇ. ಭಾವನ ಕಾರಿನಲ್ಲಿ ಅಂಕಿಗಳು ಸರಿಯಾಗಿ ಹೊಂದುತ್ತಿದ್ದವು. ಆದರೆ ಕಾರ್ಖಾನೆಯಲ್ಲಿ ಆ ಜಾಗವನ್ನು ಮಟ್ಟ ಮಾಡಿದಾಗ ಹಿಂದಿನಿಂದ ಮುಂದಕ್ಕೆ ಸಣ್ಣ ನೇರ ಗೆರೆಗಳು ಉಳಿಯುತ್ತವೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಗೆರೆಗಳೇ ಇಲ್ಲ, ಗ್ರೈಂಡರ್ ಆಡಿಸಿದ ಸುತ್ತು ಗುರುತು ಮಾತ್ರ. ಹಳೇ ನಂಬರ್ ಉಜ್ಜಿ ಹಾಕಿ ಹೊಸದು ಒತ್ತಿದ್ದಾರೆ.

ಇನ್ನೂ ಅನುಮಾನವಿದ್ದರೆ ಅಂತ ಬ್ಲಾಕ್ ಎರಕ ಹೊಯ್ದ ತಾರೀಖು ಹುಡುಕಿದೆವು. ಅದು ಉಬ್ಬಕ್ಷರ, ಒರೆಸಿ ಬದಲಾಯಿಸೋದು ಕಷ್ಟ. ಗ್ರೀಸ್ ಕೆರೆದರೆ 'ಎಚ್ 12 0' ಅಂತಿತ್ತು. ಎ ಅಂದರೆ ಜನವರಿ, ಹಾಗೇ ಎಣಿಸಿಕೊಂಡು ಹೋದರೆ ಎಚ್ ಆಗಸ್ಟ್. ಅಂದರೆ 1970ರ ಆಗಸ್ಟ್ 12. ಕಾರಿನ ಟ್ಯಾಗ್‌ನಲ್ಲಿ '03ಸಿ', ಮಾರ್ಚ್ ಮೂರನೇ ವಾರ. ಮಾರ್ಚ್‌ನ ಕಾರಿಗೆ ಆಗಸ್ಟ್‌ನ ಎಂಜಿನ್ ಕಾರ್ಖಾನೆಯಲ್ಲೇ ಹೇಗೆ ಕೂತೀತು?

ಡೀಲರ್ ಕೊಟ್ಟ ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಬೇಕು ಅಂತ ಕಾರ್ಖಾನೆಯಲ್ಲಿ ಮುದ್ರಿಸಿದ ಹಾಳೆ) ಕೂಡ ಹಾಗೇ. ಅಸಲಿ ಶೀಟ್ ಹೆಚ್ಚಾಗಿ ಪೆಟ್ರೋಲ್ ಟ್ಯಾಂಕ್ ಮೇಲೆ, ಇಲ್ಲವೇ ಸೀಟಿನ ಸ್ಪ್ರಿಂಗ್‌ನಲ್ಲಿ ಸಿಕ್ಕಿಕೊಂಡಿರುತ್ತೆ. ತುಕ್ಕಿನ ಕಲೆ, ಹರಿದ ಅಂಚು ಸಹಜ. ಇದು ಮೂಲೆಯಿಂದ ಮೂಲೆಗೆ ಒಂದೇ ಸಮನೆ ಕಂದು, ಒಂದು ಮಡಿಕೆಯೂ ಇಲ್ಲ.

ವಾಪಸ್ ಕೇಳಿದಾಗ ಡೀಲರ್ ಬಿಲ್ ತೋರಿಸಿದ. ಅದರಲ್ಲಿ ಎಸ್‌ಎಸ್ ಅನ್ನೋ ಪದವೇ ಇಲ್ಲ. "1970 ಶೆವರ್ಲೆ ಶೆವೆಲ್, ಇದ್ದದ್ದು ಇದ್ದ ಹಾಗೆ" ಅಷ್ಟೇ. ಜಾಹೀರಾತು ಅಷ್ಟು ಹೊತ್ತಿಗೆ ಮಾಯವಾಗಿತ್ತು. ಭಾವನ ಹತ್ತಿರ ಅದರ ಸ್ಕ್ರೀನ್‌ಶಾಟ್ ಕೂಡ ಇರಲಿಲ್ಲ. ನೀವು ಕೊಳ್ಳುವುದಾದರೆ ಜಾಹೀರಾತನ್ನು ಸೇವ್ ಮಾಡಿಡಿ, "ಅಸಲಿ ಝಡ್25 ಕಾರು, ಅಲ್ಲದಿದ್ದರೆ ದುಡ್ಡು ವಾಪಸ್" ಅಂತ ಬಿಲ್‌ನಲ್ಲೇ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಶೆವೆಲ್‌ನಲ್ಲಿ ಈ ಆಟ ನಡೆಯೋಕೆ ಕಾರಣವಿದೆ. ಅಮೆರಿಕದಲ್ಲಿ ಮಾರಿದ ಆ ಕಾಲದ ಶೆವರ್ಲೆಗಳ ಒಂದೊಂದು ಕಾರಿನ ದಾಖಲೆ ಕಂಪನಿಯಲ್ಲಿ ಉಳಿದಿಲ್ಲ. ಕೆನಡಾದಲ್ಲಿ ಹೊಸದಾಗಿ ಮಾರಿದ್ದಾದರೆ ಶೆವರ್ಲೆಯ ಮಾಲೀಕ ಕಂಪನಿ ಜಿಎಂನ ಕೆನಡಾ ಶಾಖೆ ಕೊಡುತ್ತೆ. ಪಾಂಟಿಯಾಕ್‌ಗೆ ಪಿಎಚ್‌ಎಸ್ ದಾಖಲೆ, 1967ರಿಂದೀಚೆಗಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ ಸಿಗುತ್ತೆ, ಎರಡೂ ಕಂಪನಿಯ ಹಳೇ ದಾಖಲೆಯಿಂದ ತೆಗೆದವು. ಶೆವೆಲ್ಲೇ ಬೇಕು ಅನ್ನುವವರು 1966ರಿಂದ 68ರ ಎಸ್‌ಎಸ್ 396 ನೋಡಿ. ಆ ಮೂರು ವರ್ಷ ಅದು ಬೇರೆ ಮಾಡೆಲ್, ಚಾಸಿಸ್ ನಂಬರ್ 138ರಿಂದಲೇ ಶುರುವಾಗುತ್ತೆ. ಆ ನಂಬರ್ ಪ್ಲೇಟಿನ ರಿವೆಟ್ ಕಿತ್ತು ಮತ್ತೆ ಹೊಡೆದಿಲ್ಲ ಅನ್ನೋದನ್ನೂ ನೋಡ್ಕೊಳ್ಳಿ.