ಹಂಚಿನ ಮಾಡಿನಂಥ ಹಾರ್ಡ್ ಡಿಸ್ಕ್: ನಾಲ್ಕು ವರ್ಷ ಬಳಸಿದ ಮೇಲೆ

ಊರಲ್ಲಿ ಆಗುವ ಯಕ್ಷಗಾನಗಳನ್ನು ವಿಡಿಯೊ ಮಾಡಿ ಇಟ್ಟುಕೊಳ್ಳುವುದು ನನ್ನ ಹವ್ಯಾಸ. ಇಡೀ ರಾತ್ರಿಯ ಒಂದು ಆಟಕ್ಕೆ ಹತ್ತಿರ ಹತ್ತಿರ 65 ಜಿಬಿ ಬೇಕು. ತಿರುಗುವ ತಟ್ಟೆ ಇಲ್ಲದ, ವೇಗದ ಎಸ್‌ಎಸ್‌ಡಿಗೆ ದುಡ್ಡು ಸಾಲಲಿಲ್ಲ. ಹಾಗಾಗಿ 2 ಟಿಬಿಯ ಈ ಪೋರ್ಟಬಲ್ ಹಾರ್ಡ್ ಡಿಸ್ಕ್ ತಂದೆ.

ಕಂಪ್ಯೂಟರಿಗೆ ಹಾಕಿದರೆ 1.81 ಟಿಬಿ ಅಂತ ತೋರಿಸುತ್ತದೆ. ಅದರಲ್ಲಿ ಮೋಸ ಇಲ್ಲ. ಡಬ್ಬಿಯ ಮೇಲಿನದು 1000ದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಹಳೆಯ ಫೈಲ್ ಅಳಿಸಿ ಹೊಸದು ತುಂಬಿಸಲು ಶುರು ಮಾಡಿದೆ. ಕಾಪಿ ಸೆಕೆಂಡಿಗೆ 110 ಎಂಬಿಯಲ್ಲಿ ಹೊರಡುತ್ತದೆ, ಸ್ವಲ್ಪ ಹೊತ್ತಿಗೆ 10ಕ್ಕಿಂತ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಹಾಕಿದ್ದು ಎಂಟಾದರೂ ಮುಗಿಯಲಿಲ್ಲ. ಡಿಸ್ಕಿನ ಜಾಗ ಕೆಟ್ಟು ಬ್ಯಾಡ್ ಸೆಕ್ಟರ್ ಬಂತು, ನಾಲ್ಕು ಆಟ ಹೋಯಿತು ಅಂತ ಎದೆ ಧಸಕ್ಕೆಂದಿತು. ಕೇಬಲ್ ಬದಲಿಸಿದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿ ನೋಡಿದೆ. ಕೆಟ್ಟು ಬದಲಿಸಿದ (ರೀಅಲೊಕೇಟೆಡ್) ಸೆಕ್ಟರ್ ಸೊನ್ನೆ, ಕೆಟ್ಟಿರಬಹುದೆಂಬ ಅನುಮಾನದ (ಪೆಂಡಿಂಗ್) ಸೆಕ್ಟರೂ ಸೊನ್ನೆ. ಡಿಸ್ಕ್ ಗಟ್ಟಿಮುಟ್ಟಾಗಿಯೇ ಇತ್ತು.

ಕೊನೆಗೆ ಮಾಡೆಲ್ ನಂಬರ್ ಹಿಡಿದು ಹುಡುಕಿದಾಗ ಗೊತ್ತಾಯಿತು, ಇದು ಎಸ್‌ಎಂಆರ್ (ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್) ಡಿಸ್ಕ್. ಇದರೊಳಗೆ ತಿರುಗುವ ತಟ್ಟೆಯ ಮೇಲೆ ಡೇಟಾ ಬರೆಯುವ ಗೆರೆಗಳು, ಅಂದರೆ ಟ್ರ್ಯಾಕ್‌ಗಳು, ನಮ್ಮ ಮಂಗಳೂರು ಹಂಚಿನ ಹಾಗೆ ಒಂದರ ಮೇಲೊಂದು ಅಂಚು ಹೊದ್ದು ಕೂತಿರುತ್ತವೆ. ಕಡಿಮೆ ಜಾಗದಲ್ಲಿ ಜಾಸ್ತಿ ಹಿಡಿಸುತ್ತದೆ. ಆದರೆ ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲೆ ಹೊದಿಸಿದ್ದನ್ನೂ ಎತ್ತಬೇಕು ಅಲ್ವಾ? ಇಲ್ಲೂ ಹಾಗೆಯೇ, ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. ಶುರುವಿನ ವೇಗ ಬರೀ ಕ್ಯಾಶ್‌ನದು, ಅಂದರೆ ಬಂದದ್ದನ್ನು ಮೊದಲು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗದ್ದು. ಅದು ತುಂಬಿದ ಮೇಲೆ ತೆವಳುವುದೇ. ಇಷ್ಟು ದೊಡ್ಡ ವಿಷಯ ಡಬ್ಬಿಯ ಮೇಲೆ ಒಂದು ಅಕ್ಷರವೂ ಇಲ್ಲ. ಅದಕ್ಕೆ ಒಂದು ಸ್ಟಾರ್ ಕಡಿಮೆ ಕೊಡುತ್ತಿದ್ದೇನೆ.

ಗೊತ್ತಾದ ಮೇಲೆ ನನ್ನ ಅಭ್ಯಾಸ ಬದಲಿಸಿಕೊಂಡೆ. ಈಗ ಇದರಲ್ಲಿ ಏನನ್ನೂ ಅಳಿಸುವುದಿಲ್ಲ. ಆಟದ ಮಾರನೇ ದಿನ ಕಾಪಿಗೆ ಹಾಕಿ ಸ್ನಾನಕ್ಕೆ ಹೋಗುತ್ತೇನೆ. ಮುಗಿದ ತಕ್ಷಣ ಕೀಳುವುದಿಲ್ಲ, ಸುಮ್ನೆ ಒಂದು ಗಂಟೆ ಬಿಡುತ್ತೇನೆ. ಯಾವ ಫೈಲೂ ಹೋಗುತ್ತಿಲ್ಲ, ಆದರೂ ದೀಪ ಮಿಣುಕುತ್ತಿರುತ್ತದೆ. ಕ್ಯಾಶ್‌ನಲ್ಲಿ ಇದ್ದದ್ದನ್ನು ಅದು ತನ್ನ ಪಾಡಿಗೆ ಜಾಗಕ್ಕೆ ಸೇರಿಸುವ ಹೊತ್ತು ಅದು. ಮೇಲೆ ಬೆರಳಿಟ್ಟರೆ ಸಣ್ಣ ನಡುಕ ತಾಗುತ್ತದೆ. ದೀಪ ನಿಂತ ಮೇಲೆ ಇಜೆಕ್ಟ್ ಮಾಡುತ್ತೇನೆ. ತಟ್ಟೆ ತಿರುಗುವುದು ನಿಂತು ನಡುಕ ಹೋದ ಮೇಲೇ ಕೇಬಲ್ ತೆಗೆದು, ಹಳೆ ಪಂಚೆಯ ತುಂಡಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ.

ಓದುವುದಕ್ಕೆ ತಕರಾರೇ ಇಲ್ಲ. ಟಿವಿಗೆ ಹಾಕಿದರೆ ಚೆಂಡೆಯ ಒಂದು ಪೆಟ್ಟೂ ತಡವರಿಸುವುದಿಲ್ಲ. ಅಪ್ಪ ಮಧ್ಯಾಹ್ನ ಊಟ ಆದ ಮೇಲೆ ದಿನಾ ನೋಡುತ್ತಾರೆ.

ಎತ್ತಿಡುವುದಕ್ಕೆ ಧೈರ್ಯವಾಗಿ ತಗೊಳ್ಳಿ, ಎಡಿಟಿಂಗ್‌ಗೆ ಬೇಡ. ನನ್ನದರಲ್ಲಿ ಇನ್ನು 140 ಜಿಬಿ ಉಳಿದಿದೆ, ಎರಡು ಆಟಕ್ಕೆ ಸಾಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುವ ಮೊದಲು ಇಂಥದ್ದೇ ಇನ್ನೆರಡು ತರಬೇಕು. ಒಂದು ಹೊಸ ಆಟಗಳಿಗೆ, ಇನ್ನೊಂದು ಇದರ ನಕಲಿಗೆ.