ಸೈಟು ಚೆಂದ ಮಾಡಿಸಲು ಹೋಗಿ ಒಂದು ಮಿಡಿ ಸೀಸನ್ನೇ ಹೋಯಿತು

ನಾವು ಶಿರಸಿ ಕಡೆಯವರು. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. 2016ರಲ್ಲಿ ರಜೆಗೆ ಬಂದಿದ್ದ ತಂಗಿಯ ಮಗ ವರ್ಡ್‌ಪ್ರೆಸ್ ಅನ್ನುವ ಸೈಟು ಕಟ್ಟುವ ತಂತ್ರಾಂಶದಲ್ಲಿ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಬಿಳಿ ಹಿನ್ನೆಲೆ, ಮೇಲ್ಗಡೆ ಫೋನ್ ನಂಬರು, ಒಂದೊಂದು ಜಾತಿಯ ಮಿಡಿಗೆ ಒಂದೊಂದು ಪುಟ. ಅನಂತಭಟ್ಟನ ಅಪ್ಪೆಯ ಸೊನೆ ಹೇಗೆ, ಜೀರಿಗೆ ಮಿಡಿಯ ಪರಿಮಳ ಯಾಕೆ ಹಾಗೆ, ಎಷ್ಟು ದಿನ ಉಪ್ಪಿನಲ್ಲಿ ಇಟ್ಟಿದ್ದೆವು, ಎಲ್ಲ ನಮ್ಮ ಮಾತಿನಲ್ಲೇ ಬರೆದದ್ದು. ನೋಡಲು ಪಂಚಾಯ್ತಿ ನೋಟೀಸಿನ ಹಾಗಿತ್ತು, ಒಪ್ಪುತ್ತೇನೆ. ಆದರೆ ಕನ್ನಡದಲ್ಲಿ ‘ಜೀರಿಗೆ ಅಪ್ಪೆಮಿಡಿ’ ಅಂತ ಗೂಗಲ್ ಮಾಡಿದರೆ ಮೊದಲ ಪುಟದಲ್ಲೇ ಸಿಗುತ್ತಿದ್ದೆವು.

ಮೇಳವೊಂದರಲ್ಲಿ ಪಕ್ಕದ ಸ್ಟಾಲಿನವರ ಸೈಟು ನೋಡಿ ನನಗೆ ನಾಚಿಕೆಯಾಯಿತು. ತಪ್ಪು ಶುರುವಾದದ್ದು ಅಲ್ಲಿಂದ. ಪರಿಚಯದವರು ಒಬ್ಬ ಡಿಸೈನರ್ ನಂಬರು ಕೊಟ್ಟರು. ಮೂವತ್ತೈದು ಸಾವಿರಕ್ಕೆ ಮಾತಾಯಿತು. ‘ಡೊಮೈನ್, ಹೋಸ್ಟಿಂಗ್ ಎಲ್ಲ ನನ್ನ ಖಾತೆಯಲ್ಲಿದ್ದರೆ ನಿಮಗೆ ತಲೆಬಿಸಿ ಇಲ್ಲ’ ಅಂದ. ಡೊಮೈನ್ ಅಂದರೆ ಸೈಟಿನ ಹೆಸರು, ಹೋಸ್ಟಿಂಗ್ ಅಂದರೆ ಸೈಟು ಇಡುವ ಬಾಡಿಗೆ ಜಾಗ. ಹೆಸರನ್ನು ಅವನ ಖಾತೆಗೆ ದಾಟಿಸುವ ವರ್ಗಾವಣೆ ಕೋಡ್ ಕೇಳಿದ, ಕೊಟ್ಟೆವು. ಮನೆಯ ಪಹಣಿಯನ್ನು ಗಾರೆ ಕೆಲಸದವನ ಹೆಸರಿಗೆ ಮಾಡಿಕೊಟ್ಟ ಹಾಗೆ ಅದು ಅಂತ ಆಗ ಹೊಳೆಯಲಿಲ್ಲ.

ಹೋದ ವರ್ಷ ಜನವರಿ ಕೊನೆಗೆ ಹೊಸ ಸೈಟು ಬಂತು. ಮಿಡಿ ಕೊಯ್ಲು ಶುರುವಾಗುವ ಹೊತ್ತು. ನೋಡಿದವರೆಲ್ಲ ಭಾರೀ ಚೆಂದ ಅಂದರು. ಪರದೆ ತುಂಬ ಐದು ಫೋಟೋ ಒಂದಾದ ಮೇಲೊಂದು ಸರಿಯುತ್ತಿದ್ದವು. ನಮ್ಮ ಮನೆಯ ವೈಫೈನಲ್ಲಿ ಸರಿಯುತ್ತಿದ್ದವು, ಅಷ್ಟೆ. ಕ್ಯಾಮೆರಾದಿಂದ ತೆಗೆದದ್ದನ್ನು ಕುಗ್ಗಿಸದೆ ಹಾಗೇ ಹಾಕಿದ್ದ, ಒಂದೊಂದೂ ಆರು ಎಂಬಿ. ಮುಖ್ಯ ವಿಷಯ ಎರಡೂವರೆ ಸೆಕೆಂಡಿನೊಳಗೆ ಪರದೆಗೆ ಬರಬೇಕು ಅನ್ನುವುದು ಗೂಗಲ್‌ನವರ ಅಳತೆ. ಘಟ್ಟದ ಕೆಳಗೆ ಒಂದು ಗೆರೆ ಸಿಗ್ನಲ್‌ನಲ್ಲಿ ನಮ್ಮ ಪುಟ ತೆರೆಯುವಷ್ಟರಲ್ಲಿ ಒಂದು ಲೋಟ ಕಷಾಯ ಕುಡಿದು ಮುಗಿಸಬಹುದಿತ್ತು.

ಅಕ್ಷರದ ಕಥೆ ಇನ್ನೂ ದೊಡ್ಡದು. ಬಾಟಲಿ ಲೇಬಲ್ಲಿನ ಒಕ್ಕಣೆ ಡಿಟಿಪಿ ಅಂಗಡಿಯ ಹಳೇ ನುಡಿ ಫಾಂಟಿನಲ್ಲಿತ್ತು. ಅದು ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಂದ ಹಾಗೆ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವ ಸಾಧನ ಪುಕ್ಕಟೆ ಸಿಗುತ್ತದೆ, ಐದು ನಿಮಿಷದ ಕೆಲಸ. ಇವನು ಅಷ್ಟನ್ನೂ ಮಾಡದೆ ಇಡೀ ಒಕ್ಕಣೆಯನ್ನು ಚಿತ್ರ ಮಾಡಿ ಹಾಕಿದ. ಹಳೇ ಪುಟಗಳ ಬರಹ ಪೂರ್ತಿ ಹೋಯಿತು. ಹುಡುಕಲು ಅಕ್ಷರವೇ ಇಲ್ಲದ ಮೇಲೆ ಗೂಗಲ್ ತಾನೇ ಏನು ಓದೀತು? ಅಕ್ಷರವಾಗಿ ಉಳಿದದ್ದು ತಲೆಬರಹ ಮಾತ್ರ. ಅಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಬಿಗಿ ಮಾಡಿ ಒತ್ತಕ್ಷರಗಳ ಕಾಲು ಕತ್ತರಿಸಿದ್ದ. ಪುಟದ ನೆತ್ತಿಯ ಮೇಲೆ ‘ಅಪೆಮಿಡಿ ಉಪಿನಕಾಯಿ’. ಅತ್ತೆ ಕನ್ನಡಕ ಹಾಕಿಕೊಂಡು ಓದಿ, ‘ಇದು ಯಾವ ಮಿಡಿ?’ ಅಂದರು.

ಫೆಬ್ರವರಿಯಲ್ಲಿ ಫೋನು ಕಡಿಮೆಯಾಯಿತು. ಮಾರ್ಚಿನಲ್ಲಿ ಹುಬ್ಬಳ್ಳಿಯ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, ‘ನೀವು ಬಂದ್ ಮಾಡೀರೇನ್ರೀ? ಬಾಟ್ಲಿ ಮ್ಯಾಲಿಂದು ಸ್ಕ್ಯಾನ್ ಮಾಡಿದ್ರ ಏನೂ ಬರವಲ್ದು’ ಅಂದಾಗ ಎದೆ ಧಸಕ್ಕೆಂದಿತು. ಲೇಬಲ್ಲಿನ ಕ್ಯೂಆರ್ ಕೋಡು ಹಳೇ ಪುಟದ ವಿಳಾಸಕ್ಕೆ ಹೋಗುವಂಥದ್ದು. ಹೊಸ ಸೈಟಿನಲ್ಲಿ ವಿಳಾಸಗಳೆಲ್ಲ ಬದಲಾಗಿದ್ದವು, ಸ್ಕ್ಯಾನ್ ಮಾಡಿದರೆ 404, ಅಂದರೆ ಅಂಥ ಪುಟವೇ ಇಲ್ಲ. ಅಚ್ಚು ಹಾಕಿಸಿದ್ದ ನಾಲ್ಕು ಸಾವಿರ ಲೇಬಲ್ಲು, ಆಗಲೇ ಮನೆಮನೆಯ ಅಡುಗೆಮನೆ ಸೇರಿದ್ದ ಬಾಟಲಿಗಳು, ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದ್ದ ಲಿಂಕುಗಳು, ಎಲ್ಲ ಒಂದೇ ದಿನಕ್ಕೆ ಸತ್ತಿದ್ದವು. ಹಳೇ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ತಂಗಿಯ ಮಗನಿಗೆ ಹೇಳಿದೆ. ಅವನು ಒಳಹೊಕ್ಕು ನೋಡಿದರೆ, ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ ‘ಸರ್ಚ್ ಎಂಜಿನ್‌ಗಳಿಗೆ ತೋರಿಸಬೇಡ’ ಅನ್ನುವ ಚೌಕಕ್ಕೆ ಟಿಕ್ ಇತ್ತು. ಸೈಟು ಕಟ್ಟುವಾಗ ಹಾಕಿದ್ದನ್ನು ತೆಗೆಯಲು ಡಿಸೈನರ್ ಮರೆತಿದ್ದ. ಎರಡು ತಿಂಗಳು ನಾವೇ ಗೂಗಲ್‌ಗೆ ಬರಬೇಡ ಅಂತ ಬಾಗಿಲು ಹಾಕಿಕೊಂಡು ಕೂತಿದ್ದೆವು. ಫೋನ್ ನಂಬರಿನ ಜಾಗದಲ್ಲಿ ಬಂದಿದ್ದ ‘ನಮ್ಮನ್ನು ಸಂಪರ್ಕಿಸಿ’ ಫಾರಂ ತುಂಬಿದರೆ ಮೇಲ್ ಹೋಗುತ್ತಿದ್ದದ್ದು ಡಿಸೈನರನಿಗೆ. ಅಲ್ಲಿ ಇಪ್ಪತ್ತೇಳು ಆರ್ಡರ್ ಕೊಳೆಯುತ್ತಿದ್ದವು.

ಸರಿಪಡಿಸು ಅಂದರೆ ವಾರ್ಷಿಕ ನಿರ್ವಹಣೆಗೆ ಹನ್ನೆರಡು ಸಾವಿರ ಕೇಳಿದ. ಬೇಡ, ಡೊಮೈನ್ ವಾಪಸ್ ಕೊಡು ಅಂದರೆ ಅದಕ್ಕೂ ದುಡ್ಡು. ಡೊಮೈನ್ ನೋಂದಾಯಿಸುವ ರಿಜಿಸ್ಟ್ರಾರ್ ಕಂಪನಿಯವರು ‘ಖಾತೆ ಯಾರದ್ದೋ ಅವರೇ ಕೋಡ್ ಕೊಡಬೇಕು’ ಅಂದರು. ಡಾಟ್ ಇನ್ ಹೆಸರುಗಳ ತಕರಾರಿಗೆ, ಆ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ನಿಕ್ಸಿಯ ಮಧ್ಯಸ್ಥಿಕೆ ವ್ಯವಸ್ಥೆ ಇದೆ, ಆದರೆ ಶುಲ್ಕ ಕಟ್ಟಿ, ಹೆಸರು ನಮ್ಮದೇ ಅಂತ ಸಾಬೀತು ಮಾಡಬೇಕು. ಟ್ರೇಡ್‌ಮಾರ್ಕ್ ಮಾಡಿಸಿರದ ನಮಗೆ ಅದಕ್ಕೆ ಕೈಹಾಕುವ ಧೈರ್ಯ ಬರಲಿಲ್ಲ. ಕೇಳಿದಷ್ಟು ಕೊಟ್ಟು ಬಿಡಿಸಿಕೊಂಡೆವು. ಒತ್ತೆ ಇಟ್ಟ ಬಂಗಾರ ಬಿಡಿಸಿದ ಹಾಗೆ.

ಹಳೇ ಸೈಟಿನ ಬ್ಯಾಕಪ್ಪೂ ಇರಲಿಲ್ಲ. ಹುಡುಗ ಸೈಟುಗಳ ಹಳೇ ಪ್ರತಿ ಕಾದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಿಂದ ಹಳೇ ಪುಟಗಳನ್ನು ಹೆಕ್ಕಿ ತಂದ. ಎರಡು ಪುಟ ಸಿಗಲೇ ಇಲ್ಲ, ಮತ್ತೆ ಬರೆದೆ. ಹಳೇ ವಿಳಾಸಗಳಿಗೆಲ್ಲ ರೀಡೈರೆಕ್ಟ್ ಹಾಕಲು ಅವನಿಗೆ ಹಿಡಿದದ್ದು ಒಂದು ಮಧ್ಯಾಹ್ನ. ಗೂಗಲ್‌ನಲ್ಲಿ ಮತ್ತೆ ಮುಖ ಕಾಣಿಸುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು, ಮಾರಾಟವಾಗದ ಮಿಡಿ ಭರಣಿಯಲ್ಲಿ ಹಾಗೇ ಕೂತಿತ್ತು.

ಯಾರಾದರೂ ಸೈಟು ಹೊಸದು ಮಾಡಿಸುವವರಿದ್ದರೆ ಡೊಮೈನ್ ನಿಮ್ಮದೇ ಮೇಲ್ ಐಡಿಯಲ್ಲಿ ಇರಲಿ, ಮುಂಗಡ ಕೊಡುವ ಮೊದಲೇ ಹಳೇ ಸೈಟಿನ ಪೂರ್ತಿ ಪ್ರತಿ ತೆಗೆದಿಟ್ಟುಕೊಳ್ಳಿ. ಕೊನೆಯ ಕಂತು ಕೊಡುವ ಮೊದಲು ಹಳೇ ಲಿಂಕುಗಳನ್ನು ಯಾರದ್ದಾದರೂ ಅಗ್ಗದ ಫೋನಿನಲ್ಲಿ, ವೈಫೈ ಆಫ್ ಮಾಡಿ ಒತ್ತಿ ನೋಡಿ.

ಆ ಡಿಸೈನರ್ ತಾನು ಮಾಡಿದ ಕೆಲಸಗಳ ಪಟ್ಟಿಯಲ್ಲಿ ನಮ್ಮ ಸೈಟಿನ ಚಿತ್ರ ಇನ್ನೂ ಇಟ್ಟುಕೊಂಡಿದ್ದಾನೆ. ಅದರಲ್ಲಿ ಈಗಲೂ ‘ಅಪೆಮಿಡಿ’ ಅಂತಲೇ ಇದೆ.