ಮ್ಹಾಡಾ ಲಾಟರಿ: ಹೆಸರು ಬಂದ ಮೇಲೂ ಮನೆ ಕೈತಪ್ಪುತ್ತದೆ, ಜೋಕೆ

ಮಹಾರಾಷ್ಟ್ರ ಸರಕಾರದ ವಸತಿ ಸಂಸ್ಥೆ ಮ್ಹಾಡಾ ತನ್ನ ಮನೆಗಳನ್ನು ಲಾಟರಿ ಎತ್ತಿ ಮಾರುತ್ತದೆ. ಆ ಲಾಟರಿಯಲ್ಲಿ ಹೆಸರು ಬರದಿದ್ದರೆ ಒಂದೆರಡು ದಿನ ಬೇಜಾರು. ಹೆಸರು ಬಂದೂ ಮನೆ ಬಿಟ್ಟುಕೊಡಬೇಕಾದರೆ ಆ ಸಂಕಟವೇ ಬೇರೆ. 2024ರ ಅಕ್ಟೋಬರ್ 8ರಂದು ನಡೆದ ಮ್ಹಾಡಾದ ಮುಂಬೈ ಮಂಡಳಿಯ ಡ್ರಾದಲ್ಲಿ 2,030 ಮನೆಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳಿದ್ದವು. ಅಷ್ಟು ಜನರ ನಡುವೆ ಅದೃಷ್ಟ ಒಲಿದರೂ ಕಾಗದಪತ್ರವೋ ದುಡ್ಡೋ ಕೈಕೊಟ್ಟರೆ ಮುಗಿಯಿತು. ಮುಂಬೈಯಲ್ಲಿರುವ ನಮ್ಮ ಜನ ಎಡವುವುದು ಹೆಚ್ಚಾಗಿ ಈ ಕೆಳಗಿನ ಕಡೆಗಳಲ್ಲಿ.

ಮೊದಲನೆಯದು ಡೊಮಿಸೈಲ್, ಅಂದರೆ ರಾಜ್ಯದ ವಾಸ ಪ್ರಮಾಣಪತ್ರ. ಅರ್ಜಿ ಹಾಕುವ ದಿನಕ್ಕೆ ಹಿಂದಿನ 20 ವರ್ಷಗಳಲ್ಲಿ ಸತತ 15 ವರ್ಷ ಮಹಾರಾಷ್ಟ್ರದಲ್ಲಿ ವಾಸವಿದ್ದಿರಬೇಕು. ನಮ್ಮವರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಮುಂಬೈಯಲ್ಲಿ, ಓದಿದ್ದು ಕುಂದಾಪುರದಲ್ಲೋ ಕಾರ್ಕಳದಲ್ಲೋ ಅಜ್ಜಿಮನೆಯಲ್ಲಿದ್ದುಕೊಂಡು, ಮತ್ತೆ ದುಡಿಯಲು ಬಂದಿದ್ದು ಮುಂಬೈಗೆ. ಸರ್ಟಿಫಿಕೇಟಿನಲ್ಲಿ ಊರಿನ ಶಾಲೆಯ ಹೆಸರು ಎದ್ದು ಕಾಣುತ್ತದೆ, ನಡುವಿನ ವರ್ಷಗಳ ಲೆಕ್ಕ ತುಂಡಾಗುತ್ತದೆ. ಹೋಟೆಲಿನ ಅಟ್ಟದಲ್ಲೇ ಮಲಗಿ ವರ್ಷಗಟ್ಟಲೆ ದುಡಿದವರ ಬಳಿ ಬಾಡಿಗೆ ಕರಾರೂ ಇರುವುದಿಲ್ಲ, ಲೈಟ್ ಬಿಲ್ಲೂ ಇರುವುದಿಲ್ಲ. ಈಗ ದಾಖಲೆಗಳನ್ನು ಡ್ರಾಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ತಪಾಸಣೆ ಮಾಡುವುದರಿಂದ, ಜಾಹೀರಾತು ಬಿದ್ದ ಮೇಲೆ ತಹಶೀಲ್ದಾರ್ ಕಚೇರಿಗೆ ಓಡಿದರೆ ಅರ್ಜಿಯ ಗಡುವೇ ಮೀರಿಹೋಗುತ್ತದೆ. ಹಳೆಯ ಡೊಮಿಸೈಲ್ ಇದ್ದವರೂ ನಿಶ್ಚಿಂತರಾಗಬೇಡಿ: ಬಾರ್‌ಕೋಡ್ ಇಲ್ಲದ್ದು ನಡೆಯುವುದಿಲ್ಲ.

ಮೀಸಲಾತಿಯಲ್ಲಿ ಅರ್ಜಿ ಹಾಕುವವರು ಇದನ್ನು ಗಟ್ಟಿಯಾಗಿ ನೆನಪಿಡಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿಗೆ ಬರುವುದಿಲ್ಲ. ಮಹಾರಾಷ್ಟ್ರದ ಪ್ರಮಾಣಪತ್ರವೂ ಅದು ಸರಿ ಎಂದು ತಪಾಸಣೆ ಮಾಡಿ ಕೊಡುವ ವ್ಯಾಲಿಡಿಟಿ ಪತ್ರವೂ ಬೇಕು. ಅವಿಲ್ಲದಿದ್ದರೆ ಸಾಮಾನ್ಯ ವರ್ಗದಲ್ಲೇ ಹಾಕಿ.

ಆದಾಯ ಎಂದರೆ ನಿಮ್ಮೊಬ್ಬರದಲ್ಲ, ಗಂಡ ಹೆಂಡತಿ ಇಬ್ಬರದೂ ಸೇರಿ. ಮುಂಬೈ ಪ್ರದೇಶದಲ್ಲಿ ವರ್ಷಕ್ಕೆ 6 ಲಕ್ಷದವರೆಗೆ ಅತಿ ಕೆಳ ಗುಂಪು, 9 ಲಕ್ಷದವರೆಗೆ ಅಲ್ಪ, 12 ಲಕ್ಷದವರೆಗೆ ಮಧ್ಯಮ, ಅದರ ಮೇಲೆ ಉಚ್ಚ. ಹೆಂಡತಿ ಟ್ಯೂಷನ್ ಹೇಳಿ ರಿಟರ್ನ್ ತುಂಬಿದ್ದರೆ ಅದನ್ನೂ ಕೂಡಿಸಿ ನೋಡಿ. ಎರಡೂ ಸೇರಿ ಮಿತಿ ದಾಟಿದ ಮೇಲೆ ಕೆಳಗಿನ ಗುಂಪಿನಲ್ಲಿ ಹಾಕಿದ ಅರ್ಜಿ ಉಳಿಯುವುದಿಲ್ಲ.

ಊರಿನ ಮನೆಯ ಬಗ್ಗೆ ಎಲ್ಲರಿಗೂ ಅಳುಕು. ಸಾಮಾನ್ಯ ಯೋಜನೆಗಳಲ್ಲಿ ನೋಡುವುದು ಲಾಟರಿಯ ಮನೆ ಇರುವ ಪಾಲಿಕೆಯ ವ್ಯಾಪ್ತಿಯಲ್ಲಿ ನಿಮ್ಮ, ಸಂಗಾತಿಯ ಅಥವಾ ಅಪ್ರಾಪ್ತ ಮಕ್ಕಳ ಹೆಸರಲ್ಲಿ ಮನೆ ಇದೆಯೇ ಎಂದು. ಆದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗಳಿಗೆ ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಊರಿನ ಮನೆ ನಿಮ್ಮ ಹೆಸರಿಗೆ ಆಗಿದ್ದರೆ ಆ ಯೋಜನೆಯನ್ನು ಬಿಡಿ. ಜಾಹೀರಾತು ಪುಸ್ತಿಕೆಯಲ್ಲಿ ಯೋಜನೆಯ ಸಂಕೇತ ಸಂಖ್ಯೆ ಓದಿಯೇ ಆಯ್ಕೆ ಮಾಡಿ.

ಇನ್ನು ದುಡ್ಡಿನ ಮಾತು. ಹೆಚ್ಚು ಮಂದಿ ಸೋಲುವುದು ಇಲ್ಲೇ. 2024ರ ಮುಂಬೈ ಲಾಟರಿಯಲ್ಲಿ ಠೇವಣಿ ಅತಿ ಕೆಳ ಗುಂಪಿಗೆ 25,000, ಅಲ್ಪಕ್ಕೆ 50,000, ಮಧ್ಯಮಕ್ಕೆ ಒಂದು ಲಕ್ಷ, ಉಚ್ಚಕ್ಕೆ ಒಂದೂವರೆ ಲಕ್ಷ. ಪ್ರತಿ ಅರ್ಜಿಗೂ ಇದನ್ನು ಪ್ರತ್ಯೇಕವಾಗಿ ಕಟ್ಟಬೇಕು, ಮೇಲೆ ಜಿಎಸ್‌ಟಿ ಸೇರಿ 590 ರೂಪಾಯಿ ಶುಲ್ಕ. ಅಲ್ಪ ಆದಾಯದವರು ಎರಡು ಕಡೆ ಹಾಕಿದರೆ 1,01,180 ರೂಪಾಯಿ ಹೊರಹೋಯಿತು. ಡ್ರಾದಲ್ಲಿ ಬರದಿದ್ದರೆ ಠೇವಣಿ ಮರಳುತ್ತದೆ, ಬಡ್ಡಿ ಇಲ್ಲ, ಶುಲ್ಕವೂ ಮರಳುವುದಿಲ್ಲ. ಬಡ್ಡಿಗೆ ತಂದು ಕಟ್ಟಿದರೆ ಆ ಬಡ್ಡಿ ನಿಮ್ಮ ತಲೆಗೇ.

ಗೆದ್ದ ಮೇಲಿನ ಲೆಕ್ಕವನ್ನೂ ಈಗಲೇ ಹಾಕಿ. ವರ್ಷಕ್ಕೆ 6 ಲಕ್ಷ ಎಂದರೆ ತಿಂಗಳಿಗೆ 50,000. ಬ್ಯಾಂಕ್ ಅದರ ಶೇ. 45ರಷ್ಟು ಕಂತು ಒಪ್ಪಿತು ಎಂದಿಟ್ಟುಕೊಂಡರೂ 22,500. ಶೇ. 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಲಕ್ಷಕ್ಕೆ ಸುಮಾರು 900 ರೂಪಾಯಿ ಕಂತು. ಅಂದರೆ ಸಾಲ ಸಿಗುವುದು 25 ಲಕ್ಷ. ಮನೆ 30 ಲಕ್ಷದ್ದಾದರೆ 5 ಲಕ್ಷ ಕೈಯಿಂದ, ಮುದ್ರಾಂಕ ಶುಲ್ಕ ಶೇ. 6ರಂತೆ 1.8 ಲಕ್ಷ, ನೋಂದಣಿಗೆ 30,000. ಏಳು ಲಕ್ಷದ ಮೇಲೆ ರೊಕ್ಕ ಸಿದ್ಧವಿರಬೇಕು, ಅದೂ ಮ್ಹಾಡಾದ ಮಂಜೂರಾತಿ ಪತ್ರದಲ್ಲಿ ಹೇಳಿದ ಗಡುವಿನೊಳಗೆ. ತಪ್ಪಿದರೆ ಮನೆ ವೇಟಿಂಗ್ ಲಿಸ್ಟಿನವರಿಗೆ. ಖಾಸಗಿ ಬಿಲ್ಡರುಗಳ ಪುನರ್ನಿರ್ಮಾಣದಿಂದ ಮ್ಹಾಡಾಕ್ಕೆ ಬಂದ ಮನೆಗಳ ಬೆಲೆಯಂತೂ ಕೆಳ ಗುಂಪಿನವರಿಗೆ ಎಟುಕುವಂತಿರಲಿಲ್ಲ. ಕೂಗಾಟವಾದ ಮೇಲೆ 2024ರಲ್ಲಿ ಅಂಥ 370 ಮನೆಗಳ ಬೆಲೆಯನ್ನು ಗುಂಪಿಗನುಗುಣವಾಗಿ ಶೇ. 10ರಿಂದ 25ರವರೆಗೆ ಇಳಿಸಬೇಕಾಯಿತು. ಆದಾಯದ ಮಿತಿಯನ್ನೂ ಮನೆಯ ಬೆಲೆಯನ್ನೂ ಹೊಂದಿಸದೆ ಬಡವರ ಹೆಸರಲ್ಲಿ ಮನೆ ಇಡುವುದು ಅನ್ಯಾಯ. ಅರ್ಜಿಗೆ ಮೊದಲೇ ಬ್ಯಾಂಕಿಗೆ ಹೋಗಿ ಎಷ್ಟು ಸಾಲ ಸಿಗುತ್ತದೆಂದು ಕೇಳಿಕೊಂಡು ಬನ್ನಿ.

ಗೆದ್ದ ಕೂಡಲೇ ಮಾರಿ ಲಾಭ ಮಾಡುವ ಯೋಚನೆಯೂ ಬೇಡ, ಐದು ವರ್ಷ ಮಾರುವಂತಿಲ್ಲ.

"ಕೋಟಾದಲ್ಲಿ ಮನೆ ಕೊಡಿಸುತ್ತೇನೆ, ಒಳಗೆ ನಮ್ಮವರಿದ್ದಾರೆ" ಎನ್ನುವವನು ಕನ್ನಡದವನೇ ಆಗಿರಲಿ, ಊರಿನವನೇ ಆಗಿರಲಿ, ಒಂದು ರೂಪಾಯಿ ಕೊಡಬೇಡಿ. ಡ್ರಾ ಕಂಪ್ಯೂಟರಿನದು, ಮ್ಹಾಡಾಕ್ಕೆ ಏಜೆಂಟರೇ ಇಲ್ಲ. ಮ್ಹಾಡಾದ ಹೆಸರಿನ ನಕಲಿ ಜಾಲತಾಣಗಳೂ ಇವೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯೇ ಎಂದು ನೋಡಿಯೇ ದುಡ್ಡು ಕಟ್ಟಿ. ಈಗಾಗಲೇ ಕಟ್ಟಿ ಮೋಸಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.